ಹಿತ್ತಿಲಲ್ಲಿ ಮಾತ್ರ ಮದ್ದಾದ ಗಿಡ: ಬಾಬ್ ಸೀಗರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ ರಾಕ್ ಗಾಯಕ ಬಾಬ್ ಸೀಗರ್ ಅವರನ್ನು ‘ಬ್ಲೂ ಕಾಲರ್ ಗಾಯಕ’ ಎಂದು ಕರೆಯುತ್ತಾರೆ. ಅವರು ಕಾರ್ಖಾನೆಯಲ್ಲಿ ದುಡಿದು ಬಂದವರೇ? ಈ ಹೆಸರು ಅವರಿಗೆ ಏಕೆ ಅಂಟಿಕೊಂಡಿತು?

ಉತ್ತರ: ಈ ಹೆಸರಿನಲ್ಲಿ ಗಾಯಕರ ಉದ್ಯೋಗಕ್ಕಿಂತ ಕೇಳುಗರ ಉದ್ಯೋಗದ ಸೂಚನೆಯೇ ಹೆಚ್ಚಾಗಿದೆ. ಕಾರ್ಖಾನೆ, ಗೋದಾಮು, ಕಟ್ಟಡ ನಿರ್ಮಾಣಗಳಲ್ಲಿ ಮೈಮುರಿದು ದುಡಿದು ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರನ್ನು ಅವರು ತೊಡುವ ನೀಲಿ ಅಂಗಿಯಿಂದ ಗುರುತಿಸುವುದು ಆ ದೇಶದ ರೂಢಿ. ಅಂಥವರು ತಮ್ಮ ಪಾಳಿ ಮುಗಿಸಿ ಬಂದು ಕೇಳುವ, ಅವರ ಪ್ರೀತಿ, ದಣಿವು, ಕೈಜಾರಿದ ಹರೆಯಗಳನ್ನೇ ವಸ್ತುವಾಗಿಸಿಕೊಂಡ ರಾಕ್ ಸಂಗೀತಕ್ಕೆ ಈ ವಿಶೇಷಣ ಸೇರಿಕೊಂಡಿತು. ಸೀಗರ್ 1945ರ ಮೇ 6ರಂದು ಹುಟ್ಟಿದ್ದು ಕಾರು ತಯಾರಿಕೆಗೆ ಹೆಸರಾದ ಡೆಟ್ರಾಯಿಟ್‌ನಲ್ಲಿ, ಬೆಳೆದದ್ದು ಅದೇ ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ. ತಂದೆ ಫೋರ್ಡ್ ಕಂಪನಿಯಲ್ಲಿ ವೈದ್ಯಕೀಯ ತಂತ್ರಜ್ಞರಾಗಿದ್ದರು, ಹಲವು ವಾದ್ಯಗಳನ್ನೂ ನುಡಿಸುತ್ತಿದ್ದರು. ಮಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಅವರು ಸಂಸಾರವನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ತಾಯಿ ಮತ್ತು ಇಬ್ಬರು ಗಂಡುಮಕ್ಕಳ ಮನೆಯಲ್ಲಿ ಅಲ್ಲಿಂದ ಮುಂದೆ ಹಣದ ಬಿಕ್ಕಟ್ಟು ತೀರಲೇ ಇಲ್ಲ. ಆದ್ದರಿಂದ ಸೀಗರ್ ಹಾಡಿದ ಬದುಕು ಅವರಿಗೆ ದೂರದ್ದಾಗಿರಲಿಲ್ಲ ಎಂದಷ್ಟನ್ನು ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: 1960ರ ದಶಕದಲ್ಲಿಯೇ ಅವರ ಹಾಡುಗಳು ಜನಪ್ರಿಯವಾಗಿದ್ದವು, ಆದರೆ ದೇಶವ್ಯಾಪಿ ಹೆಸರಿಗಾಗಿ 1976ರವರೆಗೆ ಕಾಯಬೇಕಾಯಿತು ಎಂದು ಓದಿದೆ. ಅವರ ಪ್ರತಿಭೆ ಅಷ್ಟು ತಡವಾಗಿ ಮಾಗಿತೇ?

ಉತ್ತರ: ಪ್ರತಿಭೆಯ ಮೇಲೆ ಈ ತಪ್ಪನ್ನು ಹೊರಿಸಲು ನನಗೆ ಮನಸ್ಸಿಲ್ಲ. ಹಿತ್ತಿಲ ಗಿಡ ಮದ್ದಲ್ಲ ಎನ್ನುವ ಗಾದೆ ನಮಗೆಲ್ಲ ಗೊತ್ತು. ಸೀಗರ್ ಅವರ ವಿಷಯದಲ್ಲಿ ಆದದ್ದು ಅದರ ತಿರುವುಮುರುವು: ಹಿತ್ತಿಲಲ್ಲಿ ಅದು ರಾಮಬಾಣವಾಗಿತ್ತು, ಬೇಲಿ ದಾಟಿದರೆ ಆ ಗಿಡದ ಹೆಸರೇ ಯಾರಿಗೂ ತಿಳಿದಿರಲಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಅಂದಿನ ಧ್ವನಿಮುದ್ರಿಕೆ ವ್ಯಾಪಾರದ ಒಳಗನ್ನು ಸ್ವಲ್ಪ ನೋಡಬೇಕು. ಆ ಕಾಲದ ಅಮೆರಿಕದಲ್ಲಿ ರೇಡಿಯೊ ಕೇಂದ್ರಗಳು ಬಹುಮಟ್ಟಿಗೆ ಊರೂರಿನ ಕೇಂದ್ರಗಳೇ ಆಗಿದ್ದವು, ಯಾವ ಹಾಡನ್ನು ನುಡಿಸಬೇಕೆಂಬುದನ್ನೂ ಅಲ್ಲಿನವರೇ ನಿರ್ಧರಿಸುತ್ತಿದ್ದರು. ಹಾಡೊಂದು ಮೊದಲು ಒಂದು ಪಟ್ಟಣದಲ್ಲಿ ಗೆದ್ದು, ಆ ಗೆಲುವನ್ನು ತೋರಿಸಿ ಕಂಪನಿಯವರು ಮುಂದಿನ ಪಟ್ಟಣದ ಕೇಂದ್ರವನ್ನು ಒಪ್ಪಿಸಿ, ಅಲ್ಲಿನ ಅಂಗಡಿಗಳಿಗೆ ಸಕಾಲದಲ್ಲಿ ಸಾಕಷ್ಟು ಪ್ರತಿಗಳನ್ನು ತಲುಪಿಸಿದರೆ ಮಾತ್ರ ಅದು ರಾಷ್ಟ್ರಮಟ್ಟದ ಹಾಡಾಗುತ್ತಿತ್ತು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಹಾಡು ಹುಟ್ಟಿದ ಊರಿನಲ್ಲಿಯೇ ನಿಂತುಬಿಡುತ್ತಿತ್ತು. 1967ರಲ್ಲಿ ಅವರ ‘ಹೆವಿ ಮ್ಯೂಸಿಕ್’ ಎಂಬ ಹಾಡು ಡೆಟ್ರಾಯಿಟ್‌ನಲ್ಲಿ ಗೆದ್ದು ಹೊರಗೆ ಕಾಲಿಡುತ್ತಿದ್ದಾಗ ಅದನ್ನು ಹೊರತಂದಿದ್ದ ಕ್ಯಾಮಿಯೋ-ಪಾರ್ಕ್‌ವೇ ಕಂಪನಿಯೇ ಮುಚ್ಚಿಹೋಯಿತು. ಹಾಡು ಕೇಳಲು ಜನರಿದ್ದರು, ಅವರಿಗೆ ಮಾರಲು ಅಂಗಡಿಯಲ್ಲಿ ಪ್ರತಿಗಳಿರಲಿಲ್ಲ.

ಬಳಿಕ ಕ್ಯಾಪಿಟಲ್ ಎಂಬ ದೊಡ್ಡ ಕಂಪನಿ ಅವರನ್ನು ಕರೆದುಕೊಂಡಿತು. ಅಲ್ಲಿಂದ ಬಂದ ‘ರ‍್ಯಾಂಬ್ಲಿನ್ ಗ್ಯಾಂಬ್ಲಿನ್ ಮ್ಯಾನ್’ 1969ರ ಆರಂಭದಲ್ಲಿ, ಹಾಡು ಮತ್ತು ಆಲ್ಬಂಗಳ ಜನಪ್ರಿಯತೆಯನ್ನು ವಾರವಾರ ಅಳೆಯುವ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿತು. ಆ ಹಾಡಿಗೆ ಹಿಂದೆ ನಿಂತು ದನಿಗೂಡಿಸಿದವರಲ್ಲಿ ಗ್ಲೆನ್ ಫ್ರೈ ಎಂಬ ಡೆಟ್ರಾಯಿಟ್ ಕಡೆಯ ಹುಡುಗನೂ ಇದ್ದ. ಅವನನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾನೆ. ಗೆಲುವಿನ ಹಿಂದೆಯೇ ಬಂದ ಆಲ್ಬಂಗಳು ನೆಲಕಚ್ಚಿದವು. ಒಂದು ಹಂತದಲ್ಲಿ ಸೀಗರ್ ಸಂಗೀತವನ್ನು ಬಿಟ್ಟು ಕಾಲೇಜಿಗೆ ಸೇರುವ ಯೋಚನೆಯನ್ನೂ ಮಾಡಿದ್ದರು. 1971ರಲ್ಲಿ ವಾದ್ಯತಂಡವಿಲ್ಲದೆ ಮಾಡಿದ ಆಲ್ಬಮ್ಮಿಗೂ ಗಿರಾಕಿಗಳು ಸಿಗಲಿಲ್ಲ, ಕ್ಯಾಪಿಟಲ್‌ನ ನಂಟು ಕಳಚಿತು. ನಾಲ್ಕು ವರ್ಷಗಳ ನಂತರ ಅದೇ ಕಂಪನಿಗೆ ಮರಳಿ ಬಂದು ಮಾಡಿದ ಆಲ್ಬಂ ಕೂಡ 131ನೇ ಸ್ಥಾನದಾಚೆಗೆ ಏರಲಿಲ್ಲ. ಇತ್ತ ಫ್ರೈ ಲಾಸ್ ಏಂಜಲೀಸ್‌ಗೆ ಹೋಗಿ ಈಗಲ್ಸ್ ತಂಡವನ್ನು ಕಟ್ಟಿ, 1972ರ ಹೊತ್ತಿಗಾಗಲೇ ದೇಶಕ್ಕೆ ಪರಿಚಿತನಾಗಿದ್ದ. ಊರು ಬಿಟ್ಟವನು ಮೂರು ವರ್ಷದಲ್ಲಿ ಪಡೆದದ್ದನ್ನು ಊರಲ್ಲೇ ಉಳಿದವರು ಪಡೆಯಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಈ ಅವಧಿಯಲ್ಲಿ ಸೀಗರ್ ಮಾಡಿದ ಕೆಲಸ ಒಂದೇ: ಸ್ಟೇಷನ್ ವ್ಯಾಗನ್ನಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಹೋಗಿ, ವರ್ಷಕ್ಕೆ 200ಕ್ಕೂ ಮಿಕ್ಕಿ ರಾತ್ರಿ ಹಾಡಿದರು. ಯಾರೂ ಹೆಸರು ಕೇಳಿರದ ಸಭಾಂಗಣಗಳಲ್ಲಿ, ಬೇರೊಬ್ಬರ ಕಾರ್ಯಕ್ರಮಕ್ಕೆ ಮುನ್ನ ಅರ್ಧ ಗಂಟೆ ಜನರನ್ನು ಹಿಡಿದಿಡುವುದನ್ನು ಅವರು ಕಲಿತದ್ದು ಆಗಲೇ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಅತಿ ಮುಖ್ಯ ಕಾಲಘಟ್ಟ ಈ ಸೋಲಿನ ಏಳು ವರ್ಷಗಳೇ.

ಪ್ರಶ್ನೆ: ಹಾಗಿದ್ದರೆ 1976ರಲ್ಲಿ ಏನು ಬದಲಾಯಿತು?

ಉತ್ತರ: ಕಂಪನಿಯವರ ಸ್ಟುಡಿಯೊದಲ್ಲಿ ಸಿಕ್ಕದೇ ಹೋಗುತ್ತಿದ್ದದ್ದು ಮೊದಲ ಬಾರಿಗೆ ಟೇಪಿನ ಮೇಲೆ ಸಿಕ್ಕಿತು. 1974ರಲ್ಲಿ ಸೀಗರ್ ‘ಸಿಲ್ವರ್ ಬುಲೆಟ್ ಬ್ಯಾಂಡ್’ ಎಂಬ ಕಾಯಂ ವಾದ್ಯತಂಡವನ್ನು ಕಟ್ಟಿಕೊಂಡಿದ್ದರು. 1975ರ ಸೆಪ್ಟೆಂಬರ್ 4 ಮತ್ತು 5ರ ರಾತ್ರಿ ಡೆಟ್ರಾಯಿಟ್‌ನ ಕೋಬೋ ಹಾಲ್‌ನಲ್ಲಿ ತಮ್ಮದೇ ಊರಿನ ಜನರ ಮುಂದೆ ಹಾಡಿದ್ದನ್ನು ಮುದ್ರಿಸಿಕೊಂಡು, ಮರುವರ್ಷದ ಏಪ್ರಿಲ್‌ನಲ್ಲಿ ‘ಲೈವ್ ಬುಲೆಟ್’ ಎಂಬ ಜೋಡಿ ಆಲ್ಬಂ ಆಗಿ ಹೊರತಂದರು. ಪಟ್ಟಿಯಲ್ಲಿ ಅದರ ಅತ್ಯುನ್ನತ ಸ್ಥಾನ 34 ಮಾತ್ರ, ಆದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಅದು ಪಟ್ಟಿಯಿಂದ ಕದಲಲಿಲ್ಲ. ಡೆಟ್ರಾಯಿಟ್‌ನವರು ಅಷ್ಟು ವರ್ಷ ಯಾವುದಕ್ಕೆ ಕೂಗು ಹಾಕುತ್ತಿದ್ದರು ಎಂಬುದು ಉಳಿದ ಊರುಗಳ ಕಿವಿಗೆ ಕೊನೆಗೂ ಬಿತ್ತು.

ಆ ಬದಲಾವಣೆ ಒಂದೇ ಏಟಿಗೆ ಆಗಲಿಲ್ಲ ಎಂಬುದಕ್ಕೆ ಆ ವರ್ಷದ ಜೂನ್ ತಿಂಗಳ ಎರಡು ರಾತ್ರಿಗಳು ಸಾಕ್ಷಿ. ಡೆಟ್ರಾಯಿಟ್‌ನ ಹೊರವಲಯದ ಪಾಂಟಿಯಾಕ್ ಸಿಲ್ವರ್‌ಡೋಮ್ ಕ್ರೀಡಾಂಗಣದಲ್ಲಿ ಹತ್ತಿರ ಹತ್ತಿರ 80,000 ಜನರ ಮುಂದೆ ಹಾಡಿದ ಸೀಗರ್, ಮರುದಿನ ಶಿಕಾಗೋದಲ್ಲಿ ಸಾವಿರಕ್ಕೂ ಕಡಿಮೆ ಜನರ ಮುಂದೆ ನಿಂತಿದ್ದರು. ಒಂದೇ ಗಾಯಕ, ಅದೇ ತಂಡ, ನಡುವೆ ಕೆಲವೇ ತಾಸುಗಳ ರಸ್ತೆ. ಅಕ್ಟೋಬರ್‌ನಲ್ಲಿ ಬಂದ ‘ನೈಟ್ ಮೂವ್ಸ್’ ಆಲ್ಬಂ ಈ ಅಂತರವನ್ನು ಅಳಿಸಿತು. ಅದೇ ಹೆಸರಿನ ಹಾಡು ನಾಲ್ಕನೇ ಸ್ಥಾನಕ್ಕೇರಿತು. ಆಗ ಅವರ ವಯಸ್ಸು ಮೂವತ್ತು ದಾಟಿತ್ತು. ಹರೆಯವನ್ನು ಅದರೊಳಗಿದ್ದು ಹಾಡುವವರು ಬಹಳ ಮಂದಿ. ಅದು ಕಳೆದುಹೋದ ಮೇಲೆ ತಿರುಗಿ ನೋಡಿ ಹಾಡುವ ದನಿ ಸೀಗರ್ ಅವರಿಗೆ ಒಲಿದದ್ದಕ್ಕೆ ಆ ತಡವೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ಅವರ ಅತ್ಯಂತ ಪ್ರಸಿದ್ಧ ಹಾಡೊಂದರಿಂದ ಅವರಿಗೆ ಬರೆದವರ ಪಾಲಿನ ಗೌರವಧನ ಬರಲಿಲ್ಲವಂತೆ, ನಿಜವೇ?

ಉತ್ತರ: ನಿಜ. 1978ರ ಆಲ್ಬಂನಲ್ಲಿದ್ದ ‘ಓಲ್ಡ್ ಟೈಮ್ ರಾಕ್ ಅಂಡ್ ರೋಲ್’ ಅನ್ನು ಬರೆದವರು ಜಾರ್ಜ್ ಜಾಕ್ಸನ್ ಮತ್ತು ಥಾಮಸ್ ಜೋನ್ಸ್. ಪಲ್ಲವಿಯನ್ನು ಉಳಿಸಿಕೊಂಡು ಚರಣಗಳನ್ನು ತಾವೇ ಬದಲಿಸಿ ಬರೆದ ಸೀಗರ್, ಬರೆದವರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಕೇಳಲಿಲ್ಲ. 1983ರಲ್ಲಿ ಒಂದು ಚಲನಚಿತ್ರದಲ್ಲಿ ಬಳಕೆಯಾದ ಮೇಲೆ ಆ ಹಾಡು ಎಲ್ಲೆಡೆ ನುಡಿಯತೊಡಗಿತು. ಹಾಗೆ ಕೇಳದೇ ಇದ್ದದ್ದು ತಮ್ಮ ದೊಡ್ಡ ದಡ್ಡತನವೆಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಪ್ರಶ್ನೆ: ಶಿಖರಕ್ಕೇರಿದ ಮೇಲೆ ಅವರ ಸಂಗೀತ ಮೆತ್ತಗಾಯಿತು ಎಂಬ ಟೀಕೆಯನ್ನು ನೀವು ಒಪ್ಪುವಿರಾ?

ಉತ್ತರ: ಅರ್ಧ ಒಪ್ಪುತ್ತೇನೆ. 1980ರ ‘ಅಗೇನ್‌ಸ್ಟ್ ದ ವಿಂಡ್’ ಆಲ್ಬಂ ಆರು ವಾರ ಮೊದಲ ಸ್ಥಾನದಲ್ಲಿತ್ತು, ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು. ಅದೇ ಆಲ್ಬಮ್ಮನ್ನು ಕೆಲವು ವಿಮರ್ಶಕರು ಕಟುವಾಗಿ ಜರೆದರು. ಹದಿನೈದು ವರ್ಷ ಗಂಟಲು ಹರಿದುಕೊಂಡವರು ಮಂದ್ರದಲ್ಲಿ ಹಾಡಬಾರದೆಂಬ ನಿಯಮವೇನೂ ಇಲ್ಲ, ಆ ಆಲ್ಬಂನ ಶೀರ್ಷಿಕೆ ಗೀತೆ ಇಂದಿಗೂ ಮಾಸಿಲ್ಲ. ಆದರೆ 1987ರ ‘ಶೇಕ್‌ಡೌನ್’ ಬಗ್ಗೆ ನನಗೆ ಅಂಥ ಮಮತೆಯಿಲ್ಲ. ‘ಬೆವರ್ಲಿ ಹಿಲ್ಸ್ ಕಾಪ್’ ಚಿತ್ರದ ಎರಡನೇ ಭಾಗಕ್ಕಾಗಿ ಸಿಂಥಸೈಜರ್‌ಗಳಿಂದ ತುಂಬಿಸಿ ಮಾಡಿದ ಆ ಹಾಡನ್ನು ಹಾಡಬೇಕಿದ್ದವರು ನಮ್ಮ ಗ್ಲೆನ್ ಫ್ರೈ. ಅವರ ಗಂಟಲು ಕೆಟ್ಟಿದ್ದರಿಂದ ಅವಕಾಶ ಸೀಗರ್ ಅವರಿಗೆ ಬಂತು, ಸೀಗರ್ ಸಾಹಿತ್ಯವನ್ನು ಬದಲಿಸಿಕೊಂಡು ಹಾಡಿದರು. ಇಡೀ ವೃತ್ತಿಜೀವನದಲ್ಲಿ ಬಿಲ್‌ಬೋರ್ಡ್‌ನ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದ ಅವರ ಒಂದೇ ಒಂದು ಹಾಡು ಅದು! ಪಟ್ಟಿಗಳನ್ನು ನೋಡಿ ಗಾಯಕರನ್ನು ಅಳೆಯುವವರು ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕು.

ಪ್ರಶ್ನೆ: ದುಡಿಯುವವರ ಗಾಯಕನೆನಿಸಿಕೊಂಡವರು ತಮ್ಮ ಹಾಡನ್ನು ಕಾರು ಕಂಪನಿಯ ಜಾಹೀರಾತಿಗೆ ಕೊಟ್ಟದ್ದು ದ್ರೋಹವಲ್ಲವೇ?

ಉತ್ತರ: 1986ರ ‘ಲೈಕ್ ಎ ರಾಕ್’ ಹಾಡು 1991ರಿಂದ 2004ರವರೆಗೆ ಶೆವ್ರೊಲೆ ಟ್ರಕ್ಕುಗಳ ಜಾಹೀರಾತಿನಲ್ಲಿ ಬಳಕೆಯಾಯಿತು. ಕಂಪನಿ ಮೊದಲು ಕೇಳಿದಾಗ ಸೀಗರ್ ಒಪ್ಪಿರಲಿಲ್ಲ. ಕಾರು ಉದ್ಯಮ ಕಷ್ಟದಲ್ಲಿದ್ದ ಆ ದಿನಗಳಲ್ಲಿ ಕಾರು ಕಾರ್ಮಿಕನೊಬ್ಬ ಎದುರಾಗಿ, ಈ ಉದ್ಯಮಕ್ಕೆ ನೀವು ಏನಾದರೂ ನೆರವಾಗಬಾರದೇ ಎಂದು ಕೇಳಿದ ಮೇಲೆ ಮನಸ್ಸು ಬದಲಿಸಿದ್ದಾಗಿ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬೇರೆ ಊರಿನ ಗಾಯಕರು ಈ ಮಾತು ಹೇಳಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ಡೆಟ್ರಾಯಿಟ್‌ನಲ್ಲಿ ಟ್ರಕ್ಕು ಮಾರಾಟವಾಗುವುದೆಂದರೆ ಎದುರುಮನೆಯವನ ಪಾಳಿ ಉಳಿಯುವುದು ಎಂದರ್ಥ. ಹಾಗೆಂದು ನಷ್ಟವೇನೂ ಆಗಲಿಲ್ಲ ಎನ್ನಲಾರೆ: ಹದಿನೆಂಟರ ಹರೆಯದ ಕಸುವನ್ನು ನೆನೆದು ಮರುಗುವ ಹಾಡು ಅದು, ಬಹಳ ಮಂದಿಗೆ ಈಗ ಅದನ್ನು ಕೇಳಿದರೆ ಕೆಸರಿನಲ್ಲಿ ನುಗ್ಗುವ ಟ್ರಕ್ಕು ಮಾತ್ರ ಕಣ್ಣಿಗೆ ಬರುತ್ತದೆ. (ತಂದೆ ದುಡಿದದ್ದು ಫೋರ್ಡ್‌ನಲ್ಲಿ, ಮಗನ ಹಾಡು ಸೇರಿದ್ದು ಅದರ ಎದುರಾಳಿಯನ್ನು.)

ಪ್ರಶ್ನೆ: 1995ರ ನಂತರ ಹನ್ನೊಂದು ವರ್ಷ ಹೊಸ ಆಲ್ಬಂ ಬರಲಿಲ್ಲ. ಅದೂ ಒಂದು ಸೋಲೇ? ಈಗಲೂ ಅವರು ಹಾಡುತ್ತಾರೆಯೇ? ಹೊಸಬರು ಎಲ್ಲಿಂದ ಕೇಳಲು ತೊಡಗಬೇಕು?

ಉತ್ತರ: ಅದು ಸೋಲಲ್ಲ, ತಾವಾಗಿ ತೆಗೆದುಕೊಂಡ ರಜೆ. 1990ರ ದಶಕದಲ್ಲಿ ಹುಟ್ಟಿದ ಮಕ್ಕಳನ್ನು ಬೆಳೆಸಲು ಅವರು ಮನೆಯಲ್ಲಿ ಉಳಿದರು. ತಂದೆ ಬಿಟ್ಟುಹೋದ ಹುಡುಗ ಹೀಗೆ ಮಾಡಿದ್ದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆ ನಡುವೆ 2001 ಮತ್ತು 2002ರಲ್ಲಿ ಮಿಷಿಗನ್‌ನ ಪೋರ್ಟ್ ಹ್ಯೂರನ್‌ನಿಂದ ಮ್ಯಾಕಿನಾಕ್ ದ್ವೀಪದವರೆಗಿನ ಹಾಯಿದೋಣಿ ಪಂದ್ಯವನ್ನೂ ಗೆದ್ದರು. 1994ರ ಆಯ್ದ ಹಾಡುಗಳ ಸಂಗ್ರಹ ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದುದರಿಂದ ಮನೆ ನಡೆಯುವ ಚಿಂತೆ ಇರಲಿಲ್ಲ. 2004ರಲ್ಲಿ ರಾಕ್ ಸಂಗೀತದ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, 2006ರಲ್ಲಿ ಹೊಸ ಆಲ್ಬಮ್ಮಿನೊಂದಿಗೆ ಅವರು ಮರಳಿದರು. 2017ರಲ್ಲಿ ಬೆನ್ನುಮೂಳೆಯ ತೊಂದರೆಯಿಂದ ಪ್ರವಾಸ ಅರ್ಧಕ್ಕೆ ನಿಂತಿತು. ಚೇತರಿಸಿಕೊಂಡು ಕೈಗೊಂಡ ವಿದಾಯದ ಪ್ರವಾಸ 2019ರ ನವೆಂಬರ್ 1ರಂದು ಫಿಲಡೆಲ್ಫಿಯಾದಲ್ಲಿ ಮುಗಿಯಿತು.

ಹೊಸಬರು ಆಯ್ದ ಹಾಡುಗಳ ಸಂಗ್ರಹವನ್ನು ಸದ್ಯಕ್ಕೆ ಬದಿಗಿಟ್ಟು ಕೋಬೋ ಹಾಲ್‌ನ ಮುದ್ರಣದಿಂದ, ಅದರಲ್ಲಿಯೂ ‘ಟರ್ನ್ ದ ಪೇಜ್’ ಹಾಡಿನಿಂದ ತೊಡಗಲಿ. 1973ರಲ್ಲಿ ಸ್ಟುಡಿಯೊದಲ್ಲಿ ಮುದ್ರಣವಾದಾಗ ಯಾರೂ ಗಮನಿಸದಿದ್ದ, ಊರಿಂದೂರಿಗೆ ಅಲೆಯುವ ಗಾಯಕನ ಬಳಲಿಕೆಯ ಹಾಡು ಅದು. ಸೀಗರ್ ಬಾಯಿ ತೆರೆಯುವ ಮೊದಲೇ ಆಲ್ಟೋ ರೀಡ್ ಅವರ ಸ್ಯಾಕ್ಸಫೋನ್ ಕತ್ತಲ ರಸ್ತೆಯೊಂದನ್ನು ಮುಂದೆ ಹಾಸಿಬಿಡುತ್ತದೆ. ರೀಡ್ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ನುಡಿಸುವ ಆ ಕೆಲವು ಸ್ವರಗಳನ್ನು ಸಾಧ್ಯವಾದರೆ ರಾತ್ರಿಯ ಹೊತ್ತು ಕೇಳಿ.