ತೋಟದ ಡೆಕ್‌ಗೆ (ಮರದ ಹಲಗೆ ಹಾಸಿದ ಜಗಲಿಗೆ) ಬಹುಕಾಲ ಬಾಳುವ, ಕಾಡಿಗೂ ಪೆಟ್ಟಾಗದ ಗಟ್ಟಿ ಮರ ಯಾವುದು?

ತೇಗವೋ, ದಕ್ಷಿಣ ಅಮೆರಿಕದ ಗಟ್ಟಿ ಮರ ಇಪೆಯೋ, ಒಂದೇ ಒಂದು ಹೆಸರು ಹೇಳಿ ಅಂದಿದ್ದೀರಿ. ಸರ್ಟಿಫಿಕೇಟ್ ಇರುವ ಮರ ತಗೊಂಡರೆ ಚಿಂತೆಯಿಲ್ಲ ಅಲ್ವಾ ಅಂತಲೂ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಉತ್ತರವೂ ಸಿಕ್ಕಿತ್ತು: ತೇಗ. ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಮೂರನೇ ವರ್ಷ ನನ್ನ ಕಾಲು ಹಲಗೆಯೊಳಗೆ ಇಳಿಯಿತು.

ಪೂರ್ತಿ ಅಲ್ಲ, ಹಿಮ್ಮಡಿ ಮಾತ್ರ. ಹೂಕುಂಡ ಎತ್ತಿಕೊಂಡು ಬರುತ್ತಿದ್ದೆ, ಕಾಲಡಿ ಮೆತ್ತಗೆ ಕುಸಿಯಿತು. ಮೇಲಿಂದ ನೋಡಿದರೆ ಹಲಗೆ ಚೆನ್ನಾಗಿಯೇ ಇತ್ತು. ಸ್ಕ್ರೂ ಬಿಚ್ಚಿ ತಿರುಗಿಸಿದೆ. ಅಡಿಭಾಗ ನೆನೆದ ರಟ್ಟಿನ ಹಾಗಾಗಿತ್ತು. ಉಗುರಲ್ಲಿ ಕೆರೆದರೆ ಎದ್ದು ಬರುತ್ತಿತ್ತು.

ಆ ಹಲಗೆಗಳು ಬಂದ ದಿನ ಬಡಗಿ ಒಂದು ಪ್ರಶ್ನೆ ಕೇಳಿದ್ದರು. "ಸಾರ್, ಕೆಲವಕ್ಕೆ ಒಂದು ಕಡೆ ಬಿಳಿ ಇದೆ. ತೆಗೆದಿಡಲಾ?" ನಾನು ಏನಂದೆ ಗೊತ್ತಾ? "ಬೇಡ ಬೇಡ, ಬಿಳಿ ಇರೋ ಕಡೆ ಕೆಳಗೆ ಮಾಡಿ ಹೊಡೀರಿ. ಕಾಣದಿದ್ದರೆ ಸಾಕು." ಇಷ್ಟೇ ನನ್ನ ತಪ್ಪು. ಹಲಗೆ ಮಾರಿದವರು ಮೋಸ ಮಾಡಲಿಲ್ಲ, ಬಡಗಿ ಮೈಗಳ್ಳತನ ಮಾಡಲಿಲ್ಲ. ಬಿಳಿ ಕಣ್ಣಿಗೆ ಕಾಣುತ್ತಲೇ ಇತ್ತು. ಅದನ್ನು ನಾನು ಬರೀ ಅಂದದ ವಿಷಯ ಅಂದುಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಮರದ ದಿಮ್ಮಿಯನ್ನು ಅಡ್ಡ ಕೊಯ್ದರೆ ಒಳಗೆ ಬಣ್ಣ ಕಟ್ಟಿದ ಚೇಗು, ಅದರ ಸುತ್ತ ಬಿಳಿಚಿಕೊಂಡ ಭಾಗ. ಮರ ಬದುಕಿದ್ದಾಗ ನೀರು ಮೇಲೇರುವುದು ಆ ಬಿಳಿಯಲ್ಲಿ. ಮರ ಕೂಡಿಟ್ಟುಕೊಂಡ ಸಕ್ಕರೆ, ಪಿಷ್ಟ ಇರುವುದೂ ಅಲ್ಲೇ. ಹುಳಕ್ಕೂ ಬೂಷ್ಟಿಗೂ ಅದು ಹಬ್ಬದೂಟ. ವಯಸ್ಸಾದಂತೆ ಒಳಗಿನ ಭಾಗ ಚೇಗಾಗುತ್ತದೆ. ತೇಗದಂಥ ಮರಗಳಲ್ಲಿ ಆಗ ಹುಳ, ಬೂಷ್ಟು ಹತ್ತಿರ ಬರದಂಥ ಎಣ್ಣೆ, ಒಗರು ತುಂಬಿಕೊಳ್ಳುತ್ತದೆ. ತೇಗದ ಹೆಸರು, ಇಪೆಯ ಹೆಸರು ಎಲ್ಲಾ ಚೇಗಿನದ್ದು. ಬಿಳಿಗೆ ಅದರಲ್ಲಿ ಪಾಲಿಲ್ಲ. ಯುರೋಪಿನಲ್ಲಿ ಇಎನ್ 350 ಅಂತ ಒಂದು ಮಾನದಂಡ ಇದೆ. ಮರಗಳ ಬಾಳಿಕೆಯನ್ನು ಅದು 1ರಿಂದ 5ರವರೆಗೆ ದರ್ಜೆ ಮಾಡುತ್ತದೆ, 1 ಅಂದರೆ ಎಲ್ಲಕ್ಕಿಂತ ಗಟ್ಟಿ. ಆ ದರ್ಜೆ ಚೇಗಿಗೆ ಮಾತ್ರ. ಬಿಳಿ ಭಾಗಕ್ಕೆ, ಬೇರೆ ಪುರಾವೆ ಇಲ್ಲದಿದ್ದರೆ, ಯಾವ ಮರದ್ದಾದರೂ 5.

ಇನ್ನು "ಕೆಳಗೆ ಮಾಡಿ" ಅಂದೆನಲ್ಲ, ಅದು ಗಾಯಕ್ಕೆ ಉಪ್ಪು ಸವರಿದ ಹಾಗೆ. ಹಲಗೆಯ ಮೇಲ್ಮೈಗೆ ಮಳೆ ಬೀಳುತ್ತದೆ, ಆದರೆ ಬಿಸಿಲು ಗಾಳಿಯೂ ಸಿಗುತ್ತದೆ, ಒಣಗುತ್ತದೆ. ಅಡಿಭಾಗ ತೊಲೆಯ ಮೇಲೆ ಕೂರುವ ಜಾಗ ಇದೆಯಲ್ಲ, ಅಲ್ಲಿ ನುಗ್ಗಿದ ನೀರು ಹೊರಗೆ ಬರುವುದೇ ಇಲ್ಲ. ಮರದ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಬೂಷ್ಟು ಬೆಳೆದು ಮರ ಲಡ್ಡಾಗುವುದಿಲ್ಲ. ನಾನು ಮಾಡಿದ್ದೇನು? ಎಲ್ಲಕ್ಕಿಂತ ಸೊರಗಿದ ಭಾಗವನ್ನು ಎಲ್ಲಕ್ಕಿಂತ ಒದ್ದೆ ಜಾಗಕ್ಕೆ ಒತ್ತಿ ಸ್ಕ್ರೂ ಹೊಡೆಸಿದೆ. 64 ಹಲಗೆಯಲ್ಲಿ 22 ಹೋದವು. ಅವುಗಳ ಜೊತೆ ಮೂರು ತೊಲೆಗಳೂ.

ಹಲಗೆಗಳಿಗೆ ಎಫ್‌ಎಸ್‌ಸಿ (ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಗುರುತು ಇತ್ತು. ಇದು ನಿಮ್ಮ ಎರಡನೇ ಪ್ರಶ್ನೆಗೆ. 1993ರಲ್ಲಿ ಶುರುವಾದ ಆ ಸಂಸ್ಥೆಯ ಗುರುತು ಕಾಡನ್ನು ಹೇಗೆ ನೋಡಿಕೊಂಡರು, ಮರ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವುದನ್ನು ಹೇಳುತ್ತದೆ. ನಿಮ್ಮ ಹಲಗೆ ಚೇಗೋ ಬಿಳಿಯೋ ಅಂತ ಹೇಳುವುದಿಲ್ಲ. ನಾನು ಅದನ್ನು ಗುಣಮಟ್ಟದ ಮುದ್ರೆ ಅಂದುಕೊಂಡಿದ್ದೆ. ಸರ್ಟಿಫಿಕೇಟ್ ಬೇಡ ಅನ್ನುತ್ತಿಲ್ಲ, ಖಂಡಿತ ಕೇಳಿ. ಅಂಗಡಿಯ ಗೋಡೆಗೆ ತೂಗುಹಾಕಿದ್ದು ಸಾಲದು, ನಿಮ್ಮ ಬಿಲ್ಲಿನಲ್ಲೇ ಅದರ ನಂಬರ್ ಬರಬೇಕು. "100%" ಅಂದರೆ ಪೂರ್ತಿ ಸರ್ಟಿಫಿಕೇಟ್ ಇರುವ ಕಾಡಿನ ಮರ, "ಮಿಕ್ಸ್" ಅಂದರೆ ಬೇರೆ ಮೂಲದ ಮರವೂ ಬೆರೆತಿರಬಹುದು, ಅದನ್ನೂ ನೋಡಿಕೊಳ್ಳಿ.

ಹಾಗಾಗಿ "ಯಾವ ಮರ" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮರದ ಯಾವ ಭಾಗ, ಎಷ್ಟು ವಯಸ್ಸಿನ ಮರ ಅಂತ ಕೇಳಿ. ಅದೇ ಇಎನ್ 350 ಏಷ್ಯಾದ ಕಾಡಿನ ತೇಗಕ್ಕೆ 1ನೇ ದರ್ಜೆ ಕೊಟ್ಟರೆ, ನೆಟ್ಟು ಬೆಳೆಸಿದ ತೇಗಕ್ಕೆ 1ರಿಂದ 3 ಅನ್ನುತ್ತದೆ. ಹೆಸರು ಒಂದೇ, ಬಾಳಿಕೆ ಬೇರೆ. ಎಳೇ ಮರ ಕಡಿದರೆ ಬಿಳಿಯೂ ಜಾಸ್ತಿ.

ಇಪೆ ಅದ್ಭುತ ಮರ, ನಿಜ. ಒಂದು ಘನ ಮೀಟರ್ ಹತ್ತಿರ ಹತ್ತಿರ ಒಂದು ಟನ್ ತೂಗುತ್ತದೆ. ಆದರೆ ನಿಧಾನಕ್ಕೆ ಬೆಳೆಯುತ್ತದೆ, ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತದೆ. 2024ರ ನವೆಂಬರ್‌ನಿಂದ ಇಪೆ, ಅದರಂಥದ್ದೇ ಇನ್ನೊಂದು ಗಟ್ಟಿ ಮರ ಕುಮಾರು, ಎರಡರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟ್ಸ್ (ಅಳಿವಿನ ಅಂಚಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಎರಡನೇ ಪಟ್ಟಿಯ ಕಡಿವಾಣ ಬಿದ್ದಿದೆ. ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುವ ಜಾಗಕ್ಕೆ ಅದು ಬೇಕಾ? ನನಗಂತೂ ಬೇಡ.

ಎರಡನೇ ಸಲ ನಾನು ಹಳೇ ಕಟ್ಟಡ ಕೆಡವಿದಾಗ ಸಿಕ್ಕ ತೇಗದ ತೊಲೆಗಳನ್ನು ಹಲಗೆಯಾಗಿ ಕೊಯ್ಯಿಸಿದೆ. ಒಳಗೆ ಮೊಳೆ ಸಿಕ್ಕಿಕೊಂಡು ಎರಡು ಗರಗಸದ ಬ್ಲೇಡ್ ಹಾಳಾದವು, ಕೊಯ್ಯುವವರು ಬೈದರು. ಆದರೆ ಪೂರ್ತಿ ಚೇಗು, ಹೊಸದಾಗಿ ಯಾವ ಮರವೂ ಉರುಳಲಿಲ್ಲ. ಹಾಗೆ ಸಿಗದಿದ್ದರೆ 200 ಡಿಗ್ರಿ ಆಸುಪಾಸಿನ ಶಾಖದಲ್ಲಿ ಹದ ಮಾಡಿದ ಆಶ್ ಮರ ನೋಡಿ. ಸ್ವಲ್ಪ ಪೆಡಸು, ಆದರೆ ಬೇಗ ಕೊಳೆಯುವುದಿಲ್ಲ.

ಉಳಿದದ್ದು ಚುಟುಕಾಗಿ. ಹಲಗೆಗಳ ನಡುವೆ 5-6 ಮಿಲಿಮೀಟರ್ ಸಂದು ಬಿಡಿ. ತೊಲೆಯ ಮೇಲೆ ನೀರು ಇಳಿಯದ ಟೇಪ್ ಅಂಟಿಸಿ. ಸ್ಟೇನ್‌ಲೆಸ್ ಸ್ಕ್ರೂ ಮಾತ್ರ. ಗೀರು ಗೀರಿನ ಹಲಗೆ ತಗೋಬೇಡಿ, ಜಾರುವುದಿಲ್ಲ ಅಂತ ಮಾರುತ್ತಾರೆ, ಗೀರಿನಲ್ಲಿ ನೀರು, ಕಸ ನಿಲ್ಲುತ್ತದೆ. ವರ್ಷ ವರ್ಷ ಎಣ್ಣೆ ಹಚ್ಚುವುದು ಬಣ್ಣಕ್ಕೆ. ಬಿಳಿ ಭಾಗವನ್ನು ಎಣ್ಣೆ ಚೇಗು ಮಾಡುವುದಿಲ್ಲ, ಹಚ್ಚಿ ನೋಡಿದ್ದೇನೆ.

ಡೆಕ್ ನೆಲದಿಂದ ಎಷ್ಟು ಎತ್ತರ ಅಂತ ನೀವು ಬರೆದಿಲ್ಲ. ಅಡಿಯಲ್ಲಿ ಗಾಳಿ ಆಡದಷ್ಟು ತಗ್ಗಾಗಿದ್ದರೆ ಯಾವ ಮರವೂ ಬೇಡ, ಸುಮ್ನೆ ಕಲ್ಲು ಹಾಸಿಬಿಡಿ.