ವೆಂಟಿಲೇಟರ್ ತೆಗೆಸಿದರೆ ಅಪ್ಪನನ್ನು ಕೊಂದ ಹಾಗಾ?

ಪ್ರಶ್ನೆ: ಅಪ್ಪನಿಗೆ 76 ವರ್ಷ. ಮೆದುಳಲ್ಲಿ ರಕ್ತಸ್ರಾವವಾಗಿ 19 ದಿನದಿಂದ ವೆಂಟಿಲೇಟರ್‌ನಲ್ಲಿದ್ದಾರೆ, ಪ್ರಜ್ಞೆ ಇಲ್ಲ. ಒಳಗೆ ಬಿಟ್ಟಾಗ ಒಡೆದ ತುಟಿಗೆ ತುಪ್ಪ ಸವರಿ ಬರುತ್ತೇನೆ. ಈಗ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಬೇಕು, ಸಹಿ ಮಾಡಿ ಎನ್ನುತ್ತಿದ್ದಾರೆ. ಅಜ್ಜಿ ಹಾಸಿಗೆ ಹಿಡಿದಿದ್ದಾಗ ‘ನನ್ನನ್ನು ಹೀಗೆ ಇಟ್ಕೋಬೇಡಿ’ ಎಂದು ಅಪ್ಪ ನನಗೆ ಹೇಳಿದ್ದರು. ಅಣ್ಣ ‘ಅಪ್ಪನನ್ನ ಕೊಲ್ತೀಯಾ’ ಅಂತಾನೆ. ಒಂದು ಇಂಜೆಕ್ಷನ್ ಕೊಟ್ಟು ಕಳಿಸಿಕೊಡಿ ಎಂದು ಕೇಳೋಣ ಅಂತಲೂ ಅನಿಸಿದೆ. ನಾನು ಪಾಪಿನಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಲ್ಲಮ್ಮ, ಖಂಡಿತ ಅಲ್ಲ. ಆದರೆ ಇಂಜೆಕ್ಷನ್ ಮಾತು ಮಾತ್ರ ಮನಸ್ಸಿಂದ ತೆಗೆದುಹಾಕಿ. ಔಷಧಿ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ, ಮನೆಯವರೆಲ್ಲ ಒಪ್ಪಿದರೂ ಅಷ್ಟೇ.

ಗುಣವಾಗುವ ಆಸೆಯೇ ಇಲ್ಲದಾಗ ಮೆಷಿನ್ ನಿಲ್ಲಿಸುವುದು ಬೇರೆ. ಅಲ್ಲಿ ಜೀವ ತೆಗೆಯೋದು ಕಾಯಿಲೆ, ನೀವಲ್ಲ. ನಮ್ಮ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಮುಂಬೈಯಲ್ಲಿ ಹಲ್ಲೆಗೊಳಗಾಗಿ 1973ರಿಂದ 2015ರವರೆಗೆ ಹಾಸಿಗೆಯಲ್ಲೇ ಇದ್ದರಲ್ಲ, ಅವರ ಕೇಸಿನಲ್ಲೇ ಸುಪ್ರೀಂ ಕೋರ್ಟ್ 2011ರಲ್ಲಿ ಇದಕ್ಕೆ ಮೊದಲ ಸಲ ಒಪ್ಪಿದ್ದು. ಆದರೆ ಅರುಣಾ ವಿಷಯದಲ್ಲಿ ಬೇಡ ಎಂದಿತು, ಯಾಕಂದ್ರೆ ವರ್ಷಗಟ್ಟಲೆ ಅವರ ಆರೈಕೆ ಮಾಡಿದ ಆಸ್ಪತ್ರೆಯವರಿಗೇ ಅದು ಇಷ್ಟವಿರಲಿಲ್ಲ. 2018ರಲ್ಲಿ ಗೌರವದಿಂದ ಸಾಯುವುದೂ ಹಕ್ಕು ಎಂದು ತೀರ್ಪು ಬಂತು. 2023ರಲ್ಲಿ ನಿಯಮ ಸಡಿಲವಾಯ್ತು. 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ನಮ್ಮ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿದೆ.

ಅಪ್ಪ ಬರೆದಿಟ್ಟಿಲ್ಲ, ಬಾಯಲ್ಲಿ ಹೇಳಿದ್ದಾರೆ. ಪರವಾಗಿಲ್ಲ, ಆ ಮಾತನ್ನು ಡಾಕ್ಟರಿಗೆ ಹಾಗೇ ಹೇಳಿ. ‘ಪ್ರಜ್ಞೆ ಬಂದು ಇವರು ನಮ್ಮನ್ನು ಗುರುತಿಸುವ ಸಾಧ್ಯತೆ ಇದೆಯಾ?’ ಎಂದು ನೇರವಾಗಿ ಕೇಳಿ. ಇದೆ ಎಂದರೆ ಸಹಿ ಮಾಡಿ, ಕಾಯಿರಿ. ಇಲ್ಲ ಎಂದರೆ ಆಸ್ಪತ್ರೆಯಲ್ಲಿ ಮೂವರು ಡಾಕ್ಟರುಗಳ ಮಂಡಳಿ ನೋಡಬೇಕು, ಆಮೇಲೆ ಇನ್ನೂ ಮೂವರ ಎರಡನೇ ಮಂಡಳಿ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ಮೆಷಿನ್ ತೆಗೆದ ಮೇಲೂ ನೋವು, ಉಬ್ಬಸ ಆಗದಂತೆ ಔಷಧಿ ಕೊಡುತ್ತಾರೆ, ಸುಮ್ನೆ ಬಿಟ್ಟುಬಿಡುವುದಿಲ್ಲ.

ಅಣ್ಣನ ಜೊತೆ ಕಾನೂನು ಮಾತಾಡಬೇಡಿ. ಅವರಿಗೆ ಇದು ನಿಮ್ಮಷ್ಟೇ ನೋವು, ಅದು ಸಿಟ್ಟಾಗಿ ಆಚೆ ಬರುತ್ತಿದೆ ಅಷ್ಟೆ. ಅಜ್ಜಿಯ ಮಂಚದ ಪಕ್ಕ ಅಪ್ಪ ಹೇಳಿದ್ದನ್ನು ಅವರು ಕೇಳಿಸಿಕೊಂಡೇ ಇಲ್ಲ, ಅಲ್ವಾ? ನಾಳೆ ನಿಮ್ಮ ಬದಲು ಅಣ್ಣನನ್ನೇ ಒಳಗೆ ಕಳಿಸಿ. ತುಪ್ಪದ ಬಟ್ಟಲು ಅವರ ಕೈಗೆ ಕೊಡಿ.