ಮುದುಕ ಮಾಂತ್ರಿಕನ ಮುಖಕ್ಕೆ ವಯಸ್ಸು ತರುವುದು ಹೇಗೆ?

28 ಮಿಲಿಮೀಟರ್ ಅಳತೆಯ ಮುದುಕ ಮಾಂತ್ರಿಕನ ಮಿನಿಯೇಚರ್‌ಗೆ (ಪುಟ್ಟ ಬೊಂಬೆಗೆ) ಬಣ್ಣ ಹಚ್ಚಿ, ಸುಕ್ಕುಗಳಿಗೆಲ್ಲ ಕಂದು ವಾಷ್ (ಸಂದುಗಳಲ್ಲಿ ನಿಲ್ಲುವ ನೀರಾದ ಬಣ್ಣ) ಇಳಿಸಿದರೂ ಅವನು ಮುಖಕ್ಕೆ ಮಸಿ ಬಳಿದುಕೊಂಡ ಯುವಕನಂತೆ ಕಾಣುತ್ತಾನೆ ಎಂದು ಕೇಳಿದ್ದೀರಿ. ನಾನೂ ಬಹಳ ಕಾಲ ಹೀಗೆಯೇ ಮಾಡುತ್ತಿದ್ದೆ. ವಯಸ್ಸು ಸುಕ್ಕಿನ ಗೆರೆಗಿಂತ ಮೊದಲು ಕಾಣುವುದು ಚರ್ಮದ ಬಣ್ಣ ಒಂದೇ ಸಮನಾಗಿಲ್ಲದಿರುವುದರಲ್ಲಿ.

ಇದು ನನಗೆ ಹೊಳೆದದ್ದು ಚಿಕ್ಕಮಗಳೂರಿನ ನಮ್ಮ ಮನೆಯ ಜಗುಲಿಯಲ್ಲಿ, ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದ ಅಜ್ಜಿಯ ಕೈ ನೋಡುತ್ತ ಕುಳಿತಾಗ. ಬೆರಳ ಗೆಣ್ಣುಗಳು ಉಳಿದ ಕೈಗಿಂತ ಕಪ್ಪಾಗಿದ್ದವು. ಉಗುರಿನ ಸುತ್ತ ಕೆಂಪು ಛಾಯೆಯಿತ್ತು. ಹಿಂಗೈಯಲ್ಲಿ ಹಸಿರುಗಟ್ಟಿದ ನರಗಳು ಉಬ್ಬಿದ್ದವು. ವರ್ಷಗಟ್ಟಲೆ ಬಿಸಿಲುಂಡ ಜಾಗದಲ್ಲಿ ಕಂದು ಮಚ್ಚೆಗಳು ಎದ್ದಿದ್ದವು. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಕೆಳಗಿನ ಕೊಬ್ಬು ಕರಗುತ್ತದೆ, ಆದ್ದರಿಂದ ಒಳಗಿನ ನರಗಳು ಎದ್ದು ಕಾಣುತ್ತವೆ. ಬೊಂಬೆಯ ಮೇಲೂ ಇದನ್ನೇ ತರಬೇಕು.

ನಮ್ಮವರ ಕಂದು ಮೈಬಣ್ಣಕ್ಕೆ ನಾನು ಬರ್ನ್ಟ್ ಸಿಯೆನ್ನಾ (ಕೆಂಗಂದು) ಮತ್ತು ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ, ಅದಕ್ಕೆ ಸೂಜಿಮೊನೆಯಷ್ಟು ಅಲ್ಟ್ರಾಮರೀನ್ ಸೇರಿಸುತ್ತೇನೆ. ಆ ನೀಲಿಯೇ ಯೌವನದ ಕಾವನ್ನು ಇಳಿಸುತ್ತದೆ. ಇದನ್ನು ನೀರು ಹಾಲಿನಷ್ಟು ತೆಳುವಾಗಿಸಿ ಎರಡು ಮೂರು ಪದರ ಕೊಟ್ಟ ಮೇಲೆ ಗ್ಲೇಜ್ (ಕೆಳಗಿನ ಬಣ್ಣ ಕಾಣುವಂತೆ ಹಚ್ಚುವ ತೀರಾ ತೆಳು ಪದರ) ಶುರುವಾಗುತ್ತದೆ, ನನ್ನ ಲೆಕ್ಕದಲ್ಲಿ ನಿಜವಾದ ಕೆಲಸವೂ ಇಲ್ಲಿಯೇ ಇದೆ. ಒಂದು ಪಾಲು ಬಣ್ಣಕ್ಕೆ ಎಂಟು ಪಾಲಿನಷ್ಟು ನೀರು ಬೆರೆಸಿ, ಬ್ರಷ್ಷನ್ನು ಟಿಶ್ಯೂ ಮೇಲೆ ಒತ್ತಿ ಹೆಚ್ಚಿನ ನೀರನ್ನು ತೆಗೆದು, ಬಣ್ಣ ಎಲ್ಲಿ ಗಾಢವಾಗಬೇಕೋ ಆ ಕಡೆಗೆ ಎಳೆಯಬೇಕು, ಏಕೆಂದರೆ ಎಳೆತ ಮುಗಿಯುವಲ್ಲಿ ಬಣ್ಣ ಹೆಚ್ಚು ನಿಲ್ಲುತ್ತದೆ. ಮೂಗಿನ ತುದಿ ಮತ್ತು ಕಿವಿಗೆ ಕೆಂಗಂದು. ಕಣ್ಣಿನ ಕೆಳಗಿನ ಚೀಲಕ್ಕೆ ನೇರಳೆ ಮಿಶ್ರಿತ ಕಂದು. ಕಣತಲೆಗೆ ಬಹಳ ತೆಳುವಾದ ನೀಲಿ ಹಸಿರು. ಪ್ರತಿ ಪದರವೂ ಪೂರ್ತಿ ಒಣಗದೆ ಮುಂದಿನದನ್ನು ಮುಟ್ಟಬೇಡಿ, ಕೆಳಗಿನ ಬಣ್ಣ ಕಿತ್ತುಬರುತ್ತದೆ.

ಇಷ್ಟಾದ ಮೇಲೆ ಸುಕ್ಕು. ಹಳೇಬೀಡಿನ ದೇವಸ್ಥಾನದ ಹೊರಗೋಡೆಯಲ್ಲಿ ಉಳಿಯ ಆಳವೇ ನೆರಳನ್ನು ಬರೆಯುತ್ತದೆ. ಕಡಲೆಕಾಳಿಗಿಂತ ಚಿಕ್ಕ ತಲೆಯಲ್ಲಿ ಆ ಆಳವಿಲ್ಲದ್ದರಿಂದ ನೆರಳನ್ನೂ ಬೆಳಕನ್ನೂ ನಾವೇ ಬರೆಯಬೇಕಾಗುತ್ತದೆ. ಹಣೆಯ ಗೆರೆಯೊಳಗೆ ಕಂದು ಎಳೆ, ಅದರ ಕೆಳಗಿನ ಅಂಚಿನಲ್ಲಿ ತೆಳು ಬಣ್ಣದ ಎಳೆ. ಮೇಲಿನಿಂದ ಬೀಳುವ ಬೆಳಕು ತಗಲುವುದು ಆ ಕೆಳ ಅಂಚಿಗೆ. ನಿಮ್ಮ ಬೊಂಬೆಯಲ್ಲಿ ಇಲ್ಲದಿರುವುದು ಬಹುಶಃ ಈ ಎರಡನೆಯ ಎಳೆಯೇ. ಇದಕ್ಕೆ ಶುದ್ಧ ಬಿಳಿ ಬೆರೆಸಿದರೆ ಮುಖ ಸುಣ್ಣ ಬಳಿದಂತಾಗುತ್ತದೆ. ಓಕರ್ ಮತ್ತು ದಂತದ ಬಣ್ಣ ಸಾಕು. ಕಣ್ಣಿನ ಬಿಳಿಗೂ ದಂತದ ಬಣ್ಣವೇ ಸರಿ.

ವಯಸ್ಸಾದ ಚರ್ಮದಲ್ಲಿ ಎಣ್ಣೆಯ ಹೊಳಪು ಕಡಿಮೆ, ಹಾಗಾಗಿ ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಸ್ಪ್ರೇ ಬೇಡ: ಒಂದು ಜುಲೈಯಲ್ಲಿ ನಾನು ಸ್ಪ್ರೇ ಹೊಡೆದು, ಹದಿನೈದು ದಿನ ಕೂತು ಮಾಡಿದ ಮುಖ ಗಾಳಿಯ ತೇವಕ್ಕೆ ಬೂದಿ ಮುಚ್ಚಿದಂತೆ ಬಿಳಿಚಿಕೊಂಡಿತು. ಅಂದಿನಿಂದ ಮಳೆ ಬಿಡುವವರೆಗೂ ಬ್ರಷ್‌ನಲ್ಲೇ ತೆಳುವಾಗಿ ಹಚ್ಚುತ್ತೇನೆ.